ದೇಹಸಾಧನೆಯ ಉಪಕರಣಗಳು: ಗರಡಿಯ ಗದೆಯಿಂದ ಪಿಲಾಟೀಸ್ ಯಂತ್ರದವರೆಗೆ

ಬೆಂಗಳೂರಿನ ಬಡಾವಣೆಗಳಲ್ಲಿ ಈಚಿನ ವರ್ಷಗಳಲ್ಲಿ ಕಾಣಿಸಿಕೊಂಡಿರುವ ಪಿಲಾಟೀಸ್ ಶಾಲೆಗಳ ಸುದ್ದಿ ಈಗ ಸಂಡೂರು, ಹೊಸಪೇಟೆ, ಕಂಪ್ಲಿಗಳ ಮನೆಗಳಿಗೂ ತಲುಪಿದೆ. ಮಂಚದಂತೆ ಕಾಣುವ ಚೌಕಟ್ಟು, ಅದರ ಮೇಲೆ ಹಿಂದೆಮುಂದೆ ಸರಿಯುವ ಹಲಗೆ, ಸ್ಪ್ರಿಂಗುಗಳು, ರಾಟೆಗಳು, ಪಟ್ಟಿಗಳು, ಇವುಗಳ ಚಿತ್ರವನ್ನು ಫೋನಿನಲ್ಲಿ ನೋಡಿದವರು ಇದು ವ್ಯಾಯಾಮವೋ ಚಿಕಿತ್ಸೆಯೋ ಎಂದು ಕೇಳುತ್ತಾರೆ. ಗರಡಿಯ ಮಣ್ಣಿನಲ್ಲಿ ಮೈ ಬೆಳೆಸಿದ ಹಿರಿಯರಾದರೋ ಇಷ್ಟೆಲ್ಲ ಸಲಕರಣೆ ಏತಕ್ಕೆಂದು ಹುಬ್ಬೇರಿಸುತ್ತಾರೆ. ಈ ಎರಡು ಮಾತುಗಳ ಹಿಂದೆ ಇರತಕ್ಕದ್ದು ಒಂದೇ ಹಳೆಯ ಪ್ರಶ್ನೆ. ಮನುಷ್ಯನು ತನ್ನ ದೇಹವನ್ನು ದೇಹದಿಂದಲೇ ತಿದ್ದಿಕೊಳ್ಳಬಲ್ಲನೇ, ಅಥವಾ ಹೊರಗಿನ ಒಂದು ವಸ್ತುವಿನ ನೆರವು ಅದಕ್ಕೆ ಅವಶ್ಯವೇ? ಅವಶ್ಯವೆಂದಾದರೆ ಆ ವಸ್ತು ದೇಹಕ್ಕೆ ಭಾರವಾಗಿರಬೇಕೇ, ಆಸರೆಯಾಗಿರಬೇಕೇ, ಅಥವಾ ದೇಹದ ತಪ್ಪನ್ನು ದೇಹಕ್ಕೇ ಅರುಹುವ ಶಿಕ್ಷಕನಾಗಿರಬೇಕೇ?

ಈ ಪ್ರಶ್ನೆಗೆ ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಪಂಥಗಳು ಕೊಟ್ಟ ಉತ್ತರಗಳನ್ನು ಒಂದೆಡೆ ಕೂಡಿಸಿ ನೋಡುವುದು ಈ ಲೇಖನದ ಉದ್ದೇಶ. ಹಾಗೆ ನೋಡುವಾಗ ನಾವು ಕೈಯಲ್ಲಿ ಹಿಡಿಯತಕ್ಕ ಅಳತೆಗೋಲನ್ನು ಮೊದಲೇ ಹೇಳಿಬಿಡುವುದು ಯುಕ್ತ. ಉಪಕರಣದ ಯೋಗ್ಯತೆಯನ್ನು ಅದರ ಪ್ರಾಚೀನತೆಯಿಂದಾಗಲಿ ನಾವೀನ್ಯದಿಂದಾಗಲಿ, ಸ್ವದೇಶಿ ಎಂಬ ಅಭಿಮಾನದಿಂದಾಗಲಿ ಬೆಲೆಯ ಹೆಚ್ಚಳದಿಂದಾಗಲಿ ನಿರ್ಣಯಿಸಲಾಗದು. ಅದು ದೇಹದಿಂದ ಏನನ್ನು ಬೇಡುತ್ತದೆ, ಯಾವುದಕ್ಕೆ ವಿನಾಯಿತಿ ಕೊಡುತ್ತದೆ ಎಂಬ ಎರಡು ಪ್ರಶ್ನೆಗಳಿಂದಲೇ ಅದನ್ನು ಒರೆಗೆ ಹಚ್ಚಬೇಕು.

ವಿಜಯನಗರದ ಸಾಕ್ಷ್ಯ

ನಮ್ಮ ಸೀಮೆಯ ಮಟ್ಟಿಗೆ ಈ ಚರಿತ್ರೆ ಹಂಪಿಯಿಂದ ಆರಂಭವಾಗುತ್ತದೆ. ಸುಮಾರು 1520ರ ವೇಳೆಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ವರ್ಣಿಸುತ್ತ ಬರೆದಿಟ್ಟ ವಿವರ ವ್ಯಾಯಾಮದ ಇತಿಹಾಸಕ್ಕೆ ಅಮೂಲ್ಯವಾದುದು. ಅರಸನು ಬೆಳಗಾಗುವ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಂಡು, ಸೊಂಟಕ್ಕೆ ಸಣ್ಣ ವಸ್ತ್ರವನ್ನು ಬಿಗಿದು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಿಂದ ಎತ್ತುತ್ತಿದ್ದನು; ಬಳಿಕ ಕತ್ತಿ ಹಿಡಿದು, ಹಚ್ಚಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಧನೆ ಮಾಡಿ, ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿಯಾಡಿ, ಕೊನೆಗೆ ಕುದುರೆಯೇರಿ ಬಯಲಿನಲ್ಲಿ ಸವಾರಿ ಮಾಡುತ್ತಿದ್ದನು. ಈ ಕ್ರಮದಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಭಾರ, ಆಯುಧ, ಎದುರಾಳಿ, ವಾಹನ ಎಂಬ ನಾಲ್ಕು ಬಗೆಯ ಪ್ರತಿರೋಧಗಳು ಒಂದೇ ಮುಂಜಾವಿನಲ್ಲಿ ಒಂದಾದ ಮೇಲೊಂದರಂತೆ ಬಂದು, ಅಚಲವಾದ ವಸ್ತುವಿನಿಂದ ಮೊದಲಾಗಿ ಸ್ವೇಚ್ಛೆಯುಳ್ಳ ಪ್ರಾಣಿಯವರೆಗೆ ಕಠಿಣತೆಯ ಸೋಪಾನವೊಂದನ್ನು ರಚಿಸುತ್ತವೆ.

ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಆನೆ, ಕುದುರೆ, ಬೇಟೆ, ನರ್ತನಗಳ ನಡುವೆ ಜಟ್ಟಿಗಳೂ ಕೆತ್ತಲ್ಪಟ್ಟಿದ್ದಾರೆ. ಪಾಯೆಸನ ಬಳಿಕ ಬಂದ ಫೆರ್ನಾವೊ ನುನಿಜ್, ಅರಮನೆಯ ಪರಿವಾರದಲ್ಲಿ ಕುಸ್ತಿಯಾಡುವ ಸ್ತ್ರೀಯರೂ ಇದ್ದರೆಂದು ದಾಖಲಿಸಿದ್ದಾನೆ. ದೇಹಸಾಧನೆಯು ಗಂಡಸರ ಸೊತ್ತೆಂದು ಭಾವಿಸುವವರು ಮನಸ್ಸಿನಲ್ಲಿಡಬೇಕಾದ ಮಾತಿದು.

ಪಾಯೆಸನಿಗೂ ಸುಮಾರು ನಾಲ್ಕು ಶತಮಾನಗಳಷ್ಟು ಹಿಂದೆ, ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವೊಂದಿದೆ. ಅಲ್ಲಿ ಮಲ್ಲರ ಶಿಕ್ಷಣವನ್ನು ಹೇಳುವಾಗ ಭಾರವೆತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಂದು ಶ್ರಮಗಳನ್ನು ವಿಂಗಡಿಸಲಾಗಿದೆ. ಹನ್ನೆರಡನೆಯ ಶತಮಾನದ ಕರ್ನಾಟಕದಲ್ಲಿಯೇ ವ್ಯಾಯಾಮವನ್ನು ಅದು ಬಳಸುವ ಮಾಧ್ಯಮದ ಮೇಲಿಂದ ವರ್ಗೀಕರಿಸುವ ಬುದ್ಧಿ ಹುಟ್ಟಿತ್ತೆಂಬುದು ಇದರಿಂದ ಸ್ಪಷ್ಟ. ನಾವು ಈಗ ಮಾಡಹೊರಟಿರುವುದೂ ಅದೇ ಕೆಲಸ.

ಭಾರದ ಪಂಥ

ಮೊದಲನೆಯದು ಗರಡಿಮನೆಯ ಪಂಥ. ದೇಹಕ್ಕೆ ಅದರ ನಿತ್ಯದ ಅಗತ್ಯಕ್ಕಿಂತ ಮಿಗಿಲಾದ ಭಾರವನ್ನು ಹೊರಿಸಿದಲ್ಲಿ ದೇಹವು ಆ ಭಾರಕ್ಕೆ ತಕ್ಕಂತೆ ಬೆಳೆಯುತ್ತದೆಂಬುದು ಇದರ ಮೂಲತತ್ತ್ವ. ಗದೆ, ಕೈಯಲ್ಲಿ ಹಿಡಿದು ಬೀಸುವ ಮರದ ಕರೇಲ, ಗುಂಡುಕಲ್ಲು, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಬ್ಬಹುಣ್ಣಿಮೆಗಳಂದು ಪಂಥ ಕಟ್ಟಿ ಎತ್ತುವ ಸಂಗ್ರಾಣಿ ಕಲ್ಲು, ಉಸುಕಿನ ಚೀಲ, ಇವೆಲ್ಲ ಈ ಕುಲದವು. ಆಂಜನೇಯನ ಜನ್ಮಭೂಮಿಯೆಂದು ಜನ ನಂಬಿ ನಡೆದುಕೊಳ್ಳುವ ಕಿಷ್ಕಿಂಧೆಯ ಈ ಸೀಮೆಯಲ್ಲಿ ಗದೆಯ ಮಹಿಮೆಯನ್ನು ವಿಸ್ತರಿಸಬೇಕಾದುದಿಲ್ಲ.

ಆದರೆ ಗದೆಯನ್ನು ಬರಿಯ ಭಾರವೆಂದು ತಿಳಿದರೆ ಅದಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ಉದ್ದನೆಯ ಹಿಡಿಯ ತುದಿಯಲ್ಲಿ ಮಾತ್ರ ತೂಕವಿರುವುದರಿಂದ, ಅದನ್ನು ಹೆಗಲಿನ ಮೇಲಿನಿಂದ ಬೆನ್ನಿನ ಹಿಂದಕ್ಕೆ ಇಳಿಸಿ, ಮತ್ತೊಂದು ಹೆಗಲಿನತ್ತ ತಿರುಗಿಸಿ ಮುಂದಕ್ಕೆ ತರುವಾಗ, ಕೈಯ ಬಲಕ್ಕಿಂತ ಕಾಲಜ್ಞಾನವೇ ಮುಖ್ಯವಾಗುತ್ತದೆ. ತುದಿಯ ತೂಕವು ತಾನಾಗಿ ತಿರುಗುವ ಕ್ಷಣವನ್ನು ಕಾಯದೆ ಅವಸರದಿಂದ ಎಳೆದವನ ಮಣಿಕಟ್ಟೂ ಹೆಗಲೂ ಕೂಡಲೇ ನೋಯುತ್ತವೆ. ಗರಡಿಯ ಉಸ್ತಾದರು ಹೊಸ ಹುಡುಗನ ಕೈಗೆ ಮೊದಲೇ ಗದೆ ಕೊಡದೆ, ದಂಡ ಬಸ್ಕಿಗಳನ್ನು ಮಾಡಿಸಿ, ಕೆಮ್ಮಣ್ಣನ್ನು ಅಗೆಸಿ ಹದಮಾಡಿಸಿ, ಆಮೇಲೆ ಹಗುರವಾದ ಕರೇಲ ಕೊಡುವ ಪದ್ಧತಿಯ ಹಿಂದಿರುವುದು ಈ ತಿಳಿವೇ. ಮಣ್ಣು ಅಗೆಯುವ ಸೇವೆಯೆಂದು ಕಾಣುವುದೇ ಸೊಂಟಕ್ಕೂ ತೋಳಿಗೂ ಮೊದಲ ಪಾಠ.

ಈ ಪಂಥದ ಉಪಕರಣಗಳು ನಮ್ಮಲ್ಲಿಯೇ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಕರೇಲದ ಸಾಧನೆಯನ್ನು ಕಲಿತು ತಮ್ಮ ದೇಶಕ್ಕೆ ಕೊಂಡೊಯ್ದರು. ಅಲ್ಲಿಂದ ಅದು ಯೂರೋಪು ಅಮೆರಿಕಗಳಲ್ಲಿ ಹಬ್ಬಿ, 1904 ಮತ್ತು 1932ರ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧೆಯ ಪಟ್ಟವನ್ನೂ ಪಡೆಯಿತು. ಅತ್ತಣಿಂದ ಕಬ್ಬಿಣದ ಡಂಬೆಲ್ ಬಾರ್ಬೆಲ್‌ಗಳು ಇತ್ತ ಬಂದವು. ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಕನ್ನಡಿಗರೆಲ್ಲ ಬಲ್ಲ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ನಡೆಸಿದ ಹರ್ಕ್ಯುಲೀಸ್ ಜಿಮ್ನೇಸಿಯಂ ಈ ಕೊಡುಕೊಳೆಯ ಉಜ್ಜ್ವಲ ನಿದರ್ಶನ. ಪಾಶ್ಚಾತ್ಯ ಭಾರಸಾಧನೆಯನ್ನೂ ಹಠಯೋಗದ ಆಸನಗಳನ್ನೂ ಒಂದೇ ಶಿಕ್ಷಣದಲ್ಲಿ ಬೆಸೆಯಬಹುದೆಂದು ಅವರು ಬರೆದು, ಮಾಡಿ ತೋರಿಸಿದರು.

ಭಾರವು ಬೇಡುವುದು ಬಲವನ್ನು. ಅದು ವಿನಾಯಿತಿ ಕೊಡುವುದು ಸೂಕ್ಷ್ಮ ದೋಷಗಳಿಗೆ. ಬಲಿಷ್ಠವಾದ ಸ್ನಾಯುವು ದುರ್ಬಲ ಸ್ನಾಯುವಿನ ಕೆಲಸವನ್ನು ತಾನೇ ಮಾಡಿ ಮುಗಿಸಿದರೂ ಕಲ್ಲು ಮೇಲೇಳುತ್ತದೆ. ಬೆನ್ನು ವಕ್ರವಾಯಿತೆಂದು ಕಲ್ಲು ಹೇಳುವುದಿಲ್ಲ, ಉಸ್ತಾದರೇ ಹೇಳಬೇಕು.

ಕಂಬ ಮತ್ತು ಹಗ್ಗ

ಎರಡನೆಯ ಪಂಥದಲ್ಲಿ ವಸ್ತುವು ಅಚಲವಾಗಿರುತ್ತದೆ, ದೇಹವು ಅದರ ಸುತ್ತ ಚಲಿಸುತ್ತದೆ. ಮಾನಸೋಲ್ಲಾಸದ ಸ್ತಂಭಶ್ರಮವೂ ಇಂದಿನ ಮಲ್ಲಕಂಬವೂ ಈ ವರ್ಗಕ್ಕೆ ಸೇರಿದವು. ಮರಾಠರ ಆಳ್ವಿಕೆಯಲ್ಲಿ, ಎರಡನೆಯ ಬಾಜೀರಾಯನ ವ್ಯಾಯಾಮಗುರುವಾಗಿದ್ದ ಬಾಳಂಭಟ್ಟ ದಾದಾ ದೇವಧರರು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಇದಕ್ಕೆ ಪುನರ್ಜನ್ಮ ಕೊಟ್ಟರೆಂದು ಪ್ರತೀತಿ. ಘೋರ್ಪಡೆ ಮನೆತನವು ಆಳಿದ ಸಂಡೂರು ಸಂಸ್ಥಾನವೂ ಆ ಮರಾಠಾ ಲೋಕದ ದಕ್ಷಿಣದ ಒಂದು ಕೊಂಡಿಯಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಇಂದು ಕರ್ನಾಟಕದಲ್ಲಿ ಮಲ್ಲಕಂಬವೆಂದರೆ ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಹೆಸರು ಮುಂದೆ ಬರುತ್ತದೆ.

ಎಣ್ಣೆ ಹಚ್ಚಿದ ಕಂಬವು ಯಾವ ವಿನಾಯಿತಿಯನ್ನೂ ಕೊಡದು. ಹಿಡಿತ ಸಡಿಲಿದರೆ ದೇಹ ಜಾರುತ್ತದೆ. ತಪ್ಪಿಗೂ ತೀರ್ಪಿಗೂ ನಡುವೆ ಅಲ್ಲಿ ಕಾಲಾವಕಾಶವಿಲ್ಲ. ಆದುದರಿಂದಲೇ ಅದು ಎಳೆಯ, ಹಗುರ ದೇಹಗಳಿಗೆ ಒಲಿಯುವ ವಿದ್ಯೆ. ನೋವಿನಿಂದ ಬಳಲುವ ನಡುವಯಸ್ಕನಿಗೆ ಅದನ್ನು ವಿಧಿಸಲಾಗದು.

ಹಗ್ಗದ ಕಥೆ ಇನ್ನೂ ಕುತೂಹಲಕರವಾದುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿವೆ, ಅವುಗಳಲ್ಲಿ ಕೆಲವು ಹಗ್ಗವನ್ನು ಹಿಡಿದು ಮಾಡತಕ್ಕವು. ವಿದ್ವಾಂಸ ನಾರ್ಮನ್ ಸ್ಯೋಮನ್ ಅವರು 1996ರಲ್ಲಿ ಪ್ರಕಟಿಸಿದ ಮೈಸೂರು ಅರಮನೆಯ ಯೋಗಪರಂಪರೆಯ ಅಧ್ಯಯನದಲ್ಲಿ, ಈ ಗ್ರಂಥವನ್ನೂ ಅರಮನೆಯ ವ್ಯಾಯಾಮಶಾಲೆಯ ಪದ್ಧತಿಗಳನ್ನೂ ಮುಂದಿಟ್ಟುಕೊಂಡು, ಇಂದು ಲೋಕವೆಲ್ಲ ಯೋಗವೆಂದು ಆಚರಿಸುವುದರಲ್ಲಿ ಗರಡಿಯ ಸಾಮು ಮತ್ತು ಪಾಶ್ಚಾತ್ಯ ಜಿಮ್ನಾಸ್ಟಿಕ್ಸ್‌ಗಳ ಪಾಲು ಗಣನೀಯವೆಂದು ವಾದಿಸಿದರು. ಪರಂಪರೆಯ ಅಖಂಡತೆಯನ್ನು ನಂಬುವವರಿಗೆ ಈ ವಾದ ಸಮ್ಮತವಲ್ಲ. ಚರ್ಚೆ ಇನ್ನೂ ನಡೆದಿದೆ. ಯಾರ ಮಾತು ನಿಲ್ಲುವುದಾದರೂ, ಉಪಕರಣವು ಯೋಗಕ್ಕೆ ಹೊರಗಿನದೆಂಬ ಸರಳ ನಂಬಿಕೆಯನ್ನು ಶ್ರೀತತ್ತ್ವನಿಧಿಯ ಚಿತ್ರಗಳು ಅಲುಗಿಸಿಬಿಟ್ಟಿವೆ.

ಆಸರೆಯ ಪಂಥ

ಮೂರನೆಯದು ಕನ್ನಡನಾಡಿನ ಮಗನೊಬ್ಬನು ಜಗತ್ತಿಗೆ ಕೊಟ್ಟ ಪಂಥ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರ್ ಅವರು ಬಾಲ್ಯದಲ್ಲಿ ಕ್ಷಯ, ಮಲೇರಿಯಾ, ಟೈಫಾಯ್ಡುಗಳಿಂದ ಕೃಶರಾದವರು. ಮೈಸೂರಿನಲ್ಲಿ ತಮ್ಮ ಭಾವಂದಿರಾದ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, 1937ರಲ್ಲಿ ಪುಣೆಗೆ ತೆರಳಿ, ಅಲ್ಲಿ 1975ರಲ್ಲಿ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆಯನ್ನು ತೆರೆದರು. ಬಾಗದ ದೇಹ, ಮುದಿ ದೇಹ, ರೋಗಿಯ ದೇಹ, ಇವುಗಳಿಗೂ ಆಸನದ ಫಲ ಸಿಗಬೇಕಾದರೆ ಏನು ಮಾಡಬೇಕೆಂಬ ಚಿಂತನೆಯಿಂದ ಅವರ ಉಪಕರಣಗಳು ಹುಟ್ಟಿದವು: ಮರದ ಇಟ್ಟಿಗೆಗಳು, ಬೆಲ್ಟುಗಳು, ಗೋಡೆಯ ಹಗ್ಗಗಳು, ಮಡಿಸಿದ ಕಂಬಳಿಗಳು, ಲೋಡುದಿಂಬುಗಳು, ಒರಗುವ ಹಲಗೆಯನ್ನು ತೆಗೆದ ಮಡಚುವ ಕಬ್ಬಿಣದ ಕುರ್ಚಿ, ವಿಪರೀತ ದಂಡಾಸನಕ್ಕೆಂದೇ ರೂಪಿಸಿದ ಬಾಗಿದ ಬೆಂಚು.

ಇಲ್ಲಿ ಉಪಕರಣದ ಧರ್ಮವೇ ಬೇರೆ. ನೆಲಕ್ಕೆ ಕೈ ಮುಟ್ಟದವನ ಅಂಗೈಯ ಕೆಳಗೆ ಇಟ್ಟಿಗೆಯೊಂದನ್ನು ಇಟ್ಟರೆ, ಅವನಿಗೆ ನೆಲವೇ ಎದ್ದು ಬಂದಂತಾಗಿ, ಮುಟ್ಟಬೇಕೆಂಬ ಹಟದಿಂದ ಬೆನ್ನನ್ನು ತಿರುಚುವ ಪ್ರಮೇಯ ತಪ್ಪುತ್ತದೆ. ಶಕ್ತಿಯ ಕೊರತೆಗೆ ವಿನಾಯಿತಿ ಕೊಟ್ಟ ಈ ಸಲಕರಣೆ ಬದಲಿಗೆ ಬೇಡುವುದು ಕಾಲವನ್ನು, ನಿಶ್ಚಲತೆಯನ್ನು, ಒಳನೋಟವನ್ನು. ಆಸರೆ ಹೆಚ್ಚಿದರೆ ದೇಹ ಸೋಮಾರಿಯಾಗುವುದೆಂದು ಆಕ್ಷೇಪಿಸುವವರುಂಟು. ಕೃಷ್ಣಮಾಚಾರ್ಯರ ಮತ್ತೊಬ್ಬ ಶಿಷ್ಯರಾದ ಪಟ್ಟಾಭಿ ಜೋಯಿಸರ ಮೈಸೂರು ಪದ್ಧತಿಯು ಇಂಥ ಸಲಕರಣೆಗಳನ್ನು ಬಹುಮಟ್ಟಿಗೆ ದೂರವಿಟ್ಟು, ಉಸಿರು ಚಲನೆಗಳ ಸರಣಿಯನ್ನೇ ನೆಚ್ಚಿತು. ಒಂದೇ ಗುರುವಿನಿಂದ ಹೊರಟ ಇಬ್ಬರು ಈ ಪ್ರಶ್ನೆಯಲ್ಲಿ ಎರಡು ದಿಕ್ಕು ಹಿಡಿದರೆಂಬುದೇ ಪ್ರಶ್ನೆಯ ಆಳವನ್ನು ಸೂಚಿಸುತ್ತದೆ.

ಸ್ಪ್ರಿಂಗಿನ ಪಂಥ

ನಾಲ್ಕನೆಯ ಪಂಥದ ಪ್ರವರ್ತಕ ಜೋಸೆಫ್ ಪಿಲಾಟೀಸ್. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈತನೂ ಅಯ್ಯಂಗಾರರಂತೆ ರೋಗಿಷ್ಠ ಬಾಲಕನೇ. ಉಬ್ಬಸ, ಮೂಳೆಗಳನ್ನು ಬಾಗಿಸುವ ರಿಕೆಟ್ಸ್ ಮುಂತಾದುವು ಅವನನ್ನು ಕಾಡಿದ್ದವು. ಆತ ಬೆಳೆದ ಯೂರೋಪಿನಲ್ಲಿ ವ್ಯಾಯಾಮದ ಯಂತ್ರಗಳಿಗೆ ಆಗಲೇ ಒಂದು ಇತಿಹಾಸವಿತ್ತು. ಫ್ರೀಡ್ರಿಖ್ ಯಾನ್ 1811ರಲ್ಲಿ ಬರ್ಲಿನ್ನಿನಲ್ಲಿ ತೆರೆದ ಬಯಲು ವ್ಯಾಯಾಮಶಾಲೆಯಿಂದ ಸಮಾಂತರ ಸರಳುಗಳು ಜನಪ್ರಿಯವಾಗಿದ್ದವು. ಸ್ವೀಡನ್ನಿನಲ್ಲಿ ಪೆರ್ ಹೆನ್ರಿಕ್ ಲಿಂಗ್ ಚಿಕಿತ್ಸಕ ವ್ಯಾಯಾಮಕ್ಕೆ ಅಡಿಪಾಯ ಹಾಕಿದ್ದನು. ಅದೇ ದೇಶದ ವೈದ್ಯ ಗುಸ್ತಾವ್ ಸಾಂಡರ್ 1865ರಿಂದ ಸನ್ನೆಕೋಲುಗಳೂ ತೂಕಗಳೂ ಉಳ್ಳ ಯಂತ್ರಗಳಿಂದ ರೋಗಿಗಳ ಅಂಗಗಳನ್ನು ಪಳಗಿಸುತ್ತಿದ್ದನು.

ಮೊದಲ ಮಹಾಯುದ್ಧದಲ್ಲಿ ಶತ್ರುದೇಶದ ಪ್ರಜೆಯೆಂದು ಬ್ರಿಟನ್ನಿನಲ್ಲಿ ಬಂಧನಕ್ಕೊಳಗಾದ ಪಿಲಾಟೀಸ್, ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿದ್ದಾಗ, ಹಾಸಿಗೆ ಹಿಡಿದವರ ಮಂಚಗಳಿಗೆ ಸ್ಪ್ರಿಂಗುಗಳನ್ನು ಕಟ್ಟಿ ಮಲಗಿದಲ್ಲಿಯೇ ವ್ಯಾಯಾಮ ಮಾಡಿಸಿದನೆಂಬ ಕಥೆ ಬಹು ಪ್ರಚಲಿತವಾದುದು. ಅದಕ್ಕೆ ಸಮಕಾಲೀನ ದಾಖಲೆಯ ಬಲ ತಕ್ಕಷ್ಟಿಲ್ಲವಾದರೂ, ಅವನ ಯಂತ್ರಗಳ ಆಕಾರದಲ್ಲಿ ಮಂಚದ ಛಾಯೆ ಇರುವುದು ಕಣ್ಣಿಗೆ ಕಾಣುವ ಸಂಗತಿ. 1926ರಲ್ಲಿ ಆತ ನ್ಯೂಯಾರ್ಕಿಗೆ ಹೋಗಿ, ಸಂಗಾತಿ ಕ್ಲಾರಾಳೊಡನೆ ಎಂಟನೆಯ ಅವೆನ್ಯೂವಿನಲ್ಲಿ ಶಾಲೆ ನಡೆಸಿದನು. ಜಾರ್ಜ್ ಬ್ಯಾಲಂಚಿನ್, ಮಾರ್ಥಾ ಗ್ರಹಾಂರಂಥ ನೃತ್ಯಾಚಾರ್ಯರ ಶಿಷ್ಯರು ಗಾಯಗೊಂಡಾಗ ಅಲ್ಲಿಗೆ ಬರುತ್ತಿದ್ದರು. ತನ್ನ ಪದ್ಧತಿಗೆ ಆತ ಇಟ್ಟ ಹೆಸರು ಕಾಂಟ್ರಾಲಜಿ. ಪಿಲಾಟೀಸ್ ಎಂಬುದು 1967ರಲ್ಲಿ ಅವನು ತೀರಿಕೊಂಡ ಬಳಿಕ ಬಲಗೊಂಡ ಹೆಸರು.

ಅವನ ಉಪಕರಣಗಳಲ್ಲಿ ಪ್ರಧಾನವಾದುದು ರಿಫಾರ್ಮರ್. ಮರದ ಅಥವಾ ಲೋಹದ ಉದ್ದನೆಯ ಚೌಕಟ್ಟಿನ ಒಳಗೆ, ಹಳಿಗಳ ಮೇಲೆ ಗಾಲಿಗಳಿಂದ ಸರಿದಾಡುವ ಮೆತ್ತೆಯ ಹಲಗೆಯೊಂದಿದೆ. ಹಲಗೆಯ ಒಂದು ತುದಿ ನಾಲ್ಕೋ ಐದೋ ಸ್ಪ್ರಿಂಗುಗಳಿಂದ ಚೌಕಟ್ಟಿಗೆ ಬಿಗಿದಿದೆ; ಇನ್ನೊಂದು ತುದಿಯಲ್ಲಿ ಹೆಗಲನ್ನು ತಡೆದು ನಿಲ್ಲಿಸುವ ದಿಮ್ಮಿಗಳೂ ರಾಟೆಗಳ ಮೂಲಕ ಹಾಯ್ದುಬರುವ ಹಗ್ಗಗಳೂ ಇವೆ. ಅಂಗಾತ ಮಲಗಿ, ಕಾಲುಗಳನ್ನು ಅಡ್ಡಸರಳಿಗೆ ಒತ್ತಿ ನೀಡಿದರೆ ಹಲಗೆ ಹಿಂದಕ್ಕೆ ಸರಿಯುತ್ತದೆ. ಈ ಚಲನೆಯ ಪೂರ್ವಾರ್ಧಕ್ಕಿಂತ ಉತ್ತರಾರ್ಧವೇ ಮಹತ್ತ್ವದ್ದು. ಸ್ಪ್ರಿಂಗುಗಳು ಹಲಗೆಯನ್ನು ತಮ್ಮತ್ತ ಸೆಳೆಯುತ್ತಿರುವಾಗ, ಅದು ದಢಕ್ಕನೆ ಬಂದು ಬಡಿಯದಂತೆ, ಕಾಲು, ಹೊಟ್ಟೆ, ಬೆನ್ನುಗಳ ಸ್ನಾಯುಗಳು ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತ ಬರಬೇಕು. ಗುರುವು ಕಣ್ಣು ಮುಚ್ಚಿದ್ದರೂ ಹಲಗೆಯ ಸದ್ದಿನಿಂದಲೇ ಶಿಷ್ಯನ ಸಂಯಮವನ್ನು ಅಳೆಯಬಹುದು.

ಭಾರಕ್ಕೂ ಸ್ಪ್ರಿಂಗಿಗೂ ಇರುವ ಅಂತರ ಭೌತಶಾಸ್ತ್ರದ್ದು. ಕಲ್ಲಿನ ತೂಕ ಎಲ್ಲಿ ಎತ್ತಿದರೂ ಅಷ್ಟೇ. ಸ್ಪ್ರಿಂಗಾದರೋ ಹದಿನೇಳನೆಯ ಶತಮಾನದಲ್ಲಿ ರಾಬರ್ಟ್ ಹುಕ್ ನಿರೂಪಿಸಿದ ನಿಯಮದಂತೆ, ಎಳೆದಷ್ಟೂ ಹೆಚ್ಚು ಬಲದಿಂದ ಹಿಂದಕ್ಕೆಳೆಯುತ್ತದೆ. ಆದುದರಿಂದ ಚಲನೆಯ ಆರಂಭದಲ್ಲಿ ಪ್ರತಿರೋಧ ಮೃದುವಾಗಿದ್ದು ಕೊನೆಯಲ್ಲಿ ಬಿಗಿಯಾಗುತ್ತದೆ. ಇನ್ನೊಂದು ವೈಚಿತ್ರ್ಯವೂ ಉಂಟು. ಗರಡಿಯಲ್ಲಿ ಭಾರ ಇಳಿಸಿದರೆ ಕೆಲಸ ಸುಲಭ. ರಿಫಾರ್ಮರಿನ ಎಷ್ಟೋ ವ್ಯಾಯಾಮಗಳಲ್ಲಿ ಸ್ಪ್ರಿಂಗುಗಳನ್ನು ಕಡಮೆ ಮಾಡಿದಷ್ಟೂ ಹಲಗೆ ಚಂಚಲವಾಗಿ, ಅದನ್ನು ಹದ್ದಿನಲ್ಲಿಡುವುದು ಕಠಿಣವಾಗುತ್ತದೆ. ಬಲಿಷ್ಠ ಪೈಲ್ವಾನನೊಬ್ಬನು ಹಗುರವಾದ ಸ್ಪ್ರಿಂಗಿನ ಮುಂದೆ ನಡುಗುವುದಕ್ಕೆ ಇದೇ ಕಾರಣ.

ಎರಡನೆಯದು ಕ್ಯಾಡಿಲಾಕ್. ಎತ್ತರದ ಮಂಚದ ನಾಲ್ಕು ಮೂಲೆಗಳಿಂದ ಎದ್ದ ಲೋಹದ ಕಂಬಗಳು, ಅವುಗಳನ್ನು ಮೇಲೆ ಜೋಡಿಸುವ ಸರಳುಗಳು, ಅಲ್ಲಿಂದ ಇಳಿಬಿದ್ದ ಸ್ಪ್ರಿಂಗುಗಳು, ತೂಗುಸರಳು, ಕೈಕಾಲುಗಳಿಗೆ ಹಾಕುವ ಮೆತ್ತನೆಯ ಕುಣಿಕೆಗಳು, ಇವೆಲ್ಲ ಅದರಲ್ಲಿವೆ. ಕೆಳಗಿನ ಹಾಸು ಅಚಲವಾಗಿರುವುದರಿಂದ ಹೊಸಬರಿಗೂ ಶಸ್ತ್ರಕ್ರಿಯೆಯಿಂದ ಚೇತರಿಸಿಕೊಳ್ಳುವವರಿಗೂ ಇದು ರಿಫಾರ್ಮರಿಗಿಂತ ಸುರಕ್ಷಿತವೆಂದು ಹಲವು ಶಿಕ್ಷಕರು ಭಾವಿಸುತ್ತಾರೆ. ಅದೇ ಸರಳುಗಳಿಂದ ತಲೆಕೆಳಗಾಗಿ ತೂಗುವ ಪ್ರೌಢ ಸಾಧನೆಗಳೂ ಉಂಟು.

ಮೂರನೆಯದಾದ ವುಂಡಾ ಚೇರ್ ಒಂದು ಪೆಟ್ಟಿಗೆಯಂಥ ಪೀಠ. ಅದರ ಮುಂಭಾಗದಲ್ಲಿ ಸ್ಪ್ರಿಂಗಿಗೆ ಕಟ್ಟಿದ ಪೆಡಲು. ಸಣ್ಣ ಮನೆಗಳಲ್ಲಿ ವ್ಯಾಯಾಮ ಮುಗಿದ ಮೇಲೆ ಕುಳಿತುಕೊಳ್ಳುವ ಕುರ್ಚಿಯಾಗಿಯೂ ಬಳಸಬಹುದಾದಂತೆ ಅದನ್ನು ಯೋಜಿಸಲಾಗಿತ್ತು. ದೇಹಕ್ಕೆ ಒರಗುವ ಆಧಾರ ಇಲ್ಲಿ ತೀರ ಕಡಮೆ. ನೋಡಲು ಚಿಕ್ಕದಾದ ಇದು ಬೇಡುವ ಸಮತೋಲನ ದೊಡ್ಡದು.

ನಾಲ್ಕನೆಯದು ಬ್ಯಾರೆಲ್‌ಗಳ ವರ್ಗ: ಉಬ್ಬಿದ ಮೆತ್ತೆಯ ಎದುರಿಗೆ ಏಣಿ ಇರುವ ಲ್ಯಾಡರ್ ಬ್ಯಾರೆಲ್, ನೆಲದ ಮೇಲಿಡುವ ಸ್ಪೈನ್ ಕರೆಕ್ಟರ್. ಇವುಗಳಲ್ಲಿ ಸ್ಪ್ರಿಂಗಿಲ್ಲ, ಬೆನ್ನೆಲುಬಿನ ಬಾಗನ್ನು ಹೊತ್ತು, ಎದೆ ತೆರೆಸಿ, ಪಕ್ಕೆಗಳನ್ನು ಹಿಗ್ಗಿಸುವುದು ಅವುಗಳ ಕೆಲಸ. ಅಯ್ಯಂಗಾರರ ವಿಪರೀತ ದಂಡಾಸನದ ಬೆಂಚನ್ನು ಬಲ್ಲವರು ಈ ಬ್ಯಾರೆಲ್ಲನ್ನು ನೋಡಿದೊಡನೆ ನೆಂಟನನ್ನು ಗುರುತಿಸುತ್ತಾರೆ. ಕೊನೆಗೆ, ತೊಡೆಗಳ ಅಥವಾ ಅಂಗೈಗಳ ನಡುವೆ ಒತ್ತುವ ಉಂಗುರವಾದ ಮ್ಯಾಜಿಕ್ ಸರ್ಕಲ್, ಪಾದಗಳನ್ನು ತಿದ್ದುವ ಫುಟ್ ಕರೆಕ್ಟರ್, ನಿಂತು ಉಸಿರಾಟವನ್ನೂ ತೋಳುಗಳನ್ನೂ ಸಾಧಿಸುವ ಪೆಡಿಪುಲ್ ಮುಂತಾದ ಕಿರಿಯ ಸಲಕರಣೆಗಳು.

ಇವೆಲ್ಲಕ್ಕೂ ಬುನಾದಿ ಬರಿಯ ಚಾಪೆ. 1945ರ ಪುಸ್ತಕದಲ್ಲಿ ಪಿಲಾಟೀಸ್ ಕೊಟ್ಟ 34 ವ್ಯಾಯಾಮಗಳಿಗೆ ನೆಲದ ಹೊರತು ಬೇರೇನೂ ಬೇಡ. ಯಂತ್ರಗಳ ನಿರ್ಮಾತೃವೇ ಯಂತ್ರವಿಲ್ಲದ ಕ್ರಮವನ್ನು ಸಾಮಾನ್ಯರ ಕೈಗೆ ಕೊಟ್ಟನೆಂಬುದು ಈ ಪಂಥವನ್ನು ತೂಗುವಾಗ ಮರೆಯಬಾರದ ಸಂಗತಿ.

ಪಂಥದೊಳಗಿನ ಭೇದ

ಪಿಲಾಟೀಸನ ನಂತರ ಅವನ ಅನುಯಾಯಿಗಳಲ್ಲಿ ಎರಡು ಒಲವುಗಳು ಮೂಡಿದವು. ಆಚಾರ್ಯನು ಹಾಕಿಕೊಟ್ಟ ವ್ಯಾಯಾಮಗಳ ಅನುಕ್ರಮವನ್ನೂ ಯಂತ್ರಗಳ ಅಳತೆಯನ್ನೂ ಕದಲಿಸಬಾರದೆನ್ನುವವರು ಕ್ಲಾಸಿಕಲ್ ಪಂಥದವರು. ನ್ಯೂಯಾರ್ಕಿನ ರೊಮಾನಾ ಕ್ರಿಜನೋವ್ಸ್ಕಾ ಈ ಪಂಥದ ಪ್ರಮುಖ ಧ್ವನಿಯಾಗಿದ್ದರು. ಬೆನ್ನೆಲುಬಿನ ವಿಷಯದಲ್ಲಿ ಫಿಸಿಯೊಥೆರಪಿಯು ಈಚೆಗೆ ಕಂಡುಕೊಂಡುದಕ್ಕೆ ಅನುಗುಣವಾಗಿ ವ್ಯಾಯಾಮವನ್ನೂ ಸಲಕರಣೆಯನ್ನೂ ಮಾರ್ಪಡಿಸಬೇಕೆನ್ನುವವರು ಸಮಕಾಲೀನ ಪಂಥದವರು. ಸೊಂಟವನ್ನು ನೆಲಕ್ಕೆ ಒತ್ತಿ ಚಪ್ಪಟೆಯಾಗಿಸಬೇಕೇ, ಅದರ ಸಹಜವಾದ ಬಾಗನ್ನು ಕಾಪಾಡಬೇಕೇ ಎಂಬುದು ಅವರ ನಡುವಿನ ಮುಖ್ಯ ವಿವಾದಗಳಲ್ಲೊಂದು. 2000ದಲ್ಲಿ ಅಮೆರಿಕದ ನ್ಯಾಯಾಲಯವೊಂದು ಪಿಲಾಟೀಸ್ ಎಂಬುದು ಒಬ್ಬರ ವ್ಯಾಪಾರಮುದ್ರೆಯಲ್ಲ, ಒಂದು ವ್ಯಾಯಾಮಪದ್ಧತಿಯ ಸಾಮಾನ್ಯ ನಾಮವೆಂದು ತೀರ್ಪಿತ್ತಿತು. ಅದರಿಂದ ಪದ್ಧತಿ ಲೋಕವ್ಯಾಪಿಯಾಯಿತು. ಆದರೆ ಆ ಹೆಸರಿನಲ್ಲಿ ಕಲಿಸುವವರ ಯೋಗ್ಯತೆಗೆ ಏಕಪ್ರಕಾರದ ಪ್ರಮಾಣವಿಲ್ಲದಂತೆಯೂ ಆಯಿತು.

ಉಪಕರಣವೇ ಬೇಡವೆನ್ನುವವರು

ಐದನೆಯ ಪಂಥವು ಉಪಕರಣವನ್ನೇ ನಿರಾಕರಿಸುತ್ತದೆ. ದಂಡ, ಬಸ್ಕಿ, ಔಂಧ್ ಸಂಸ್ಥಾನದ ಅರಸರು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮನೆಮನೆಗೆ ಮುಟ್ಟಿಸಹೊರಟ ಸೂರ್ಯನಮಸ್ಕಾರ, ಇವು ಇದರ ಆಧಾರಗಳು. ಆರು ಅಡಿ ನೆಲವುಳ್ಳವನಿಗೆಲ್ಲ ದೊರಕುವ ವಿದ್ಯೆಯೇ ನಿಜವಾದ ಲೋಕವಿದ್ಯೆ; ಯಂತ್ರಕ್ಕೆ ಬೆಸೆದುಕೊಂಡ ವಿದ್ಯೆಯು ಯಂತ್ರ ಸಿಗದ ದಿನ ನಿಂತುಹೋಗುತ್ತದೆ ಎಂಬ ಇವರ ವಾದ ಗೌರವಾರ್ಹವಾದುದು. ಆದರೆ ನೆಲವೂ ಒಂದು ಉಪಕರಣವೆಂಬುದನ್ನೂ, ಸ್ವಂತ ದೇಹದ ತೂಕವು ಕಡಮೆ ಮಾಡಲಾರದ ಭಾರವೆಂಬುದನ್ನೂ ಈ ವಾದ ಗಮನಿಸುವುದಿಲ್ಲ. ಮಂಡಿ ಸವೆದ ಮುದುಕಿಗೆ ಬಸ್ಕಿ ಹೇಳಲಾಗದು. ಆಕೆಯನ್ನು ಮಲಗಿಸಿ, ದೇಹದ ತೂಕವನ್ನು ಹಲಗೆಗೆ ಒಪ್ಪಿಸಿ, ಒಂದೇ ಸ್ಪ್ರಿಂಗಿನ ಎದುರಿಗೆ ಕಾಲು ಮಡಿಸಿ ನೀಡಿಸುವುದಾದರೆ ಅದೇ ಬಸ್ಕಿ ಆಕೆಗೆ ಸಾಧ್ಯವಾಗುತ್ತದೆ. ಉಪಕರಣದ ಪರವಾಗಿ ಇದಕ್ಕಿಂತ ಬಲವಾದ ವಾದ ನನಗೆ ತೋರದು.

ಶೋಧನೆ ಹೇಳುವುದೇನು

ಅಭಿಮಾನಗಳನ್ನು ಬದಿಗಿಟ್ಟು ಪ್ರಯೋಗಗಳನ್ನು ಕೇಳಿದರೆ ಉತ್ತರ ಮಿತವಾದುದು. ಸೊಂಟನೋವಿಗೆ ಪಿಲಾಟೀಸ್ ಎಷ್ಟು ಗುಣಕಾರಿಯೆಂದು 2015ರಲ್ಲಿ ಕಾಕ್ರೇನ್ ಸಂಸ್ಥೆಯು ಹತ್ತು ಪ್ರಯೋಗಗಳನ್ನು, ಒಟ್ಟು 510 ಮಂದಿಯ ಅನುಭವವನ್ನು ಪರಾಮರ್ಶಿಸಿತು. ಹೆಚ್ಚೇನೂ ಚಿಕಿತ್ಸೆ ಮಾಡದಿರುವುದಕ್ಕಿಂತ ಪಿಲಾಟೀಸ್ ಮೇಲೆಂಬುದಕ್ಕೆ ಕೆಳಮಟ್ಟದಿಂದ ಸಾಧಾರಣ ಮಟ್ಟದವರೆಗಿನ ಪುರಾವೆ ಉಂಟು. ಬೇರೆ ವ್ಯಾಯಾಮಗಳಿಗಿಂತ ಮೇಲೆಂಬುದಕ್ಕೆ ನಿರ್ಣಾಯಕ ಪುರಾವೆಯಿಲ್ಲ ಎಂಬುದು ಅದರ ಸಾರ. ಚಾಪೆಯ ಪಿಲಾಟೀಸನ್ನೂ ಯಂತ್ರದ ಪಿಲಾಟೀಸನ್ನೂ ನೇರವಾಗಿ ಹೋಲಿಸಿ, ಬ್ರೆಜಿಲ್ಲಿನಲ್ಲಿ 86 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನೋವಿನ ವಿಷಯದಲ್ಲಿ ಎರಡಕ್ಕೂ ಅಂತರ ಕಾಣಲಿಲ್ಲ; ಆದರೆ ಆರು ತಿಂಗಳ ಬಳಿಕ, ನಿತ್ಯದ ಕೆಲಸ ಮಾಡುವ ಸಾಮರ್ಥ್ಯದಲ್ಲಿಯೂ ಚಲನೆಯ ಭಯ ನೀಗುವುದರಲ್ಲಿಯೂ ಯಂತ್ರದಲ್ಲಿ ಕಲಿತವರು ಮುಂದಿದ್ದರು. ನೋವುಂಡ ದೇಹಕ್ಕೆ ಬಲಕ್ಕಿಂತ ಮೊದಲು ಬೇಕಾದದ್ದು ಧೈರ್ಯವೆಂದೂ, ಆಸರೆಯುಳ್ಳ ಉಪಕರಣವು ಆ ಧೈರ್ಯವನ್ನು ಕೊಡಬಲ್ಲದೆಂದೂ ಇದರಿಂದ ಊಹಿಸಬಹುದು. ಒಂದು ಪ್ರಯೋಗದ ಬಲದ ಮೇಲೆ ಸಿದ್ಧಾಂತ ಕಟ್ಟಲಾಗದು.

ನಮ್ಮ ಸೀಮೆಯ ದೇಹಗಳು

ಈ ಪಂಥಗಳನ್ನು ಸಂಡೂರಿನಲ್ಲಿ ನಿಂತು ನೋಡುವಾಗ ಪ್ರಶ್ನೆಯ ಮುಖ ಬದಲಾಗುತ್ತದೆ. ಇಲ್ಲಿನ ಬಹುಮಂದಿಯ ದೇಹ ಕುಳಿತು ಜಡವಾದ ದೇಹವಲ್ಲ, ಒಂದೇ ಬಗೆಯಲ್ಲಿ ದುಡಿದು ಬಳಲಿದ ದೇಹ. ದೋಣಿಮಲೆಯ ಅದಿರಿನ ಹಾದಿಯಲ್ಲಿ ದಿನವಿಡೀ ಲಾರಿ ನಡೆಸುವ ಚಾಲಕನ ಸೊಂಟ ಕಂಪನದಿಂದ ಜರ್ಜರಿತವಾಗುತ್ತದೆ; ಕಂಪ್ಲಿಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವ, ಕಬ್ಬು ಕಡಿಯುವ ಹೆಂಗಸರ ಬೆನ್ನು ಗಂಟೆಗಟ್ಟಲೆ ಬಾಗಿಯೇ ಇರುತ್ತದೆ; ಲಂಬಾಣಿ ಕಸೂತಿಗೆ ಹೆಸರಾದ ಸಂಡೂರಿನ ಕುಶಲಿಗಳು ಕತ್ತು ಬಗ್ಗಿಸಿ ಸೂಜಿಯ ಮೇಲೆಯೇ ಕಣ್ಣಿಟ್ಟಿರುತ್ತಾರೆ. ಇವರಿಗೆ ಇನ್ನಷ್ಟು ಭಾರ ಬೇಡ; ಬಾಗಿದ ಬೆನ್ನನ್ನು ಹಿಂದಕ್ಕೆ ತೆರೆಯುವ, ಮುಚ್ಚಿದ ಎದೆಯನ್ನು ಬಿಚ್ಚುವ, ತೂಕವಿಳಿಸಿ ಚಲನೆ ಕಲಿಸುವ ಸಾಧನ ಬೇಕು. ಅದೇ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ನಗರಿಯಲ್ಲಿ 2018ರಲ್ಲಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್, ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗಳಲ್ಲಿ ಯುವಜನರನ್ನು ಆಧುನಿಕ ಕ್ರೀಡಾವಿಜ್ಞಾನದ ನೆರವಿನಿಂದ ತರಬೇತುಗೊಳಿಸುತ್ತಿದೆ. ಒಂದೇ ತಾಲ್ಲೂಕಿನಲ್ಲಿ ಒಲಿಂಪಿಕ್ಸಿನ ದೇಹವೂ ಕೂಲಿಯ ದೇಹವೂ ಇವೆ. ಎರಡಕ್ಕೂ ಒಂದೇ ಉಪಕರಣವನ್ನು ಸಾರುವ ಯಾವ ಪಂಥವೂ ವಿವೇಕದ ಮಾತನ್ನಾಡುತ್ತಿಲ್ಲ.

ಇತ್ಯರ್ಥವಾಗದೆ ಉಳಿದುವು

ಇಷ್ಟನ್ನು ನೋಡಿದ ಮೇಲೆ ಕೆಲವು ಮಾತುಗಳು ಖಚಿತ. ಭಾರವು ಬಲವನ್ನೂ, ಕಂಬವು ಹಿಡಿತವನ್ನೂ, ಆಸರೆಯು ನಿಶ್ಚಲತೆಯನ್ನೂ, ಸ್ಪ್ರಿಂಗು ಹಿಂದಿರುಗುವಾಗಿನ ಸಂಯಮವನ್ನೂ, ಬರಿನೆಲವು ಸ್ವಾವಲಂಬನವನ್ನೂ ಬೇಡುತ್ತವೆ. ಒಂದು ಮತ್ತೊಂದರ ಸ್ಥಾನವನ್ನು ಪೂರ್ತಿಯಾಗಿ ತುಂಬಲಾರದು. ಯಾವುದೇ ಉಪಕರಣವನ್ನು ಮೊದಲ ಬಾರಿಗೆ ಮುಟ್ಟುವವರು ತಮ್ಮ ದೇಹಕ್ಕೆ ಈಗ ಕೊರತೆಯಾಗಿರುವುದು ಇವುಗಳಲ್ಲಿ ಯಾವುದೆಂದು ಬಲ್ಲವರನ್ನು ಕೇಳಿ ತಿಳಿದು ಮುಂದುವರಿಯುವುದೇ ಕ್ಷೇಮಕರ.

ಆದರೆ ನಾಲ್ಕು ಪ್ರಶ್ನೆಗಳು ತೆರೆದೇ ಇವೆ. ಯಂತ್ರದಲ್ಲಿ ಕಲಿತ ಸಂಯಮವು ಯಂತ್ರವಿಲ್ಲದ ಗದ್ದೆಗೂ ಲಾರಿಯ ಆಸನಕ್ಕೂ ಎಷ್ಟರಮಟ್ಟಿಗೆ ಹಿಂಬಾಲಿಸಿ ಬರುತ್ತದೆಂಬುದು ಮೊದಲನೆಯದು. ಪಶ್ಚಿಮದ ಪ್ರಯೋಗಾಲಯಗಳು ಕೃಷಿಕೂಲಿಯ ಬೆನ್ನನ್ನು ಪರೀಕ್ಷಿಸಿದ್ದು ಅತ್ಯಲ್ಪ. ಆಸರೆಯನ್ನು ಯಾವಾಗ ಕಳಚಬೇಕೆಂಬುದು ಎರಡನೆಯದು. ಅಯ್ಯಂಗಾರ್ ಮಾರ್ಗದವರಲ್ಲಿಯೂ ಪಿಲಾಟೀಸ್ ಮಾರ್ಗದವರಲ್ಲಿಯೂ ಇದಕ್ಕೆ ಏಕಮತವಿಲ್ಲ. ಗರಡಿ, ಅರಮನೆಯ ವ್ಯಾಯಾಮಶಾಲೆ, ಯೂರೋಪಿನ ಜಿಮ್ನಾಸ್ಟಿಕ್ಸ್, ಯೋಗ, ಇವುಗಳಲ್ಲಿ ಯಾರು ಯಾರಿಂದ ಏನನ್ನು ಪಡೆದರೆಂಬ ಚರಿತ್ರೆಯ ಲೆಕ್ಕ ಮೂರನೆಯದು. ನಾಲ್ಕನೆಯದೇ ನಮಗೆ ಅತ್ಯಂತ ಸಮೀಪದ್ದು: ದುಬಾರಿಯಾದ ರಿಫಾರ್ಮರ್ ತಾಲ್ಲೂಕು ಕೇಂದ್ರದ ಆಸ್ಪತ್ರೆಗೆ ಎಂದು ಬರುವುದೋ ತಿಳಿಯದು, ಅದು ಬರುವವರೆಗೆ ಮಡಚುವ ಕುರ್ಚಿ, ಗೋಡೆಯ ಹಗ್ಗ, ಮರದ ಇಟ್ಟಿಗೆಗಳಿಂದಲೇ ಅದರ ಫಲದಲ್ಲಿ ಎಷ್ಟನ್ನು ಪಡೆಯಬಹುದು, ಅದನ್ನು ಕಲಿಸತಕ್ಕವರನ್ನು ಯಾರು ಸಿದ್ಧಗೊಳಿಸಬೇಕು? ಫಿಸಿಯೊಥೆರಪಿ ತಜ್ಞರೂ ಯೋಗಶಿಕ್ಷಕರೂ ಗರಡಿಯ ಉಸ್ತಾದರೂ ಒಟ್ಟಿಗೆ ಕುಳಿತು ಪರೀಕ್ಷಿಸಿದಲ್ಲದೆ ಇದಕ್ಕೆ ಉತ್ತರ ಸಿಗದು; ಅಂಥ ಪರೀಕ್ಷೆಯ ಅಗತ್ಯ, ದುಡಿಮೆಯಿಂದಲೇ ಬೆನ್ನು ಸವೆಸಿಕೊಳ್ಳುವ ಜನರಿರುವ ಈ ಸೀಮೆಯಲ್ಲಿರುವಷ್ಟು ಬೇರೆಡೆ ಇರಲಾರದು.